ನೀರಿನಲ್ಲಿ ನಿಂತು ಮಾಡಿದ ಆಣೆ

ನನ್ನ ಎಡಗಿವಿ ಅರ್ಧವೇ ಇದೆ. ಮಿಕ್ಕ ಅರ್ಧವನ್ನು ರಂಗಂಪೇಟೆಯ ಪೈಲ್ವಾನನೊಬ್ಬ ಕಚ್ಚಿ ಉಗುಳಿದ. ನಾನೂ ಸುಮ್ಮನಿರಲಿಲ್ಲ, ಅವನ ಮುಂದಿನ ಎರಡು ಹಲ್ಲು ಉದುರಿಸಿದೆ. ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸುರಪುರದ ಸೀಮೆಯಲ್ಲಿ ಗರಡಿಯವರೆಂದರೆ ಹೀಗೆಯೇ. ಮುಂಜಾನೆ ಸಾಮು ಮಾಡುವುದು, ಆಮೇಲೆ ಆ ಸಾಮಿನಿಂದ ಬಂದ ಬಲವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಹುಡುಕುವುದು. ನನಗಾಗ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮನೆಯಲ್ಲಿ ಹೊಲವಿತ್ತು, ದುಡಿಯಲು ಅಣ್ಣಂದಿರಿದ್ದರು, ಹಾಲು ಕುಡಿದು ಮೀಸೆ ತಿರುವಲು ನಾನಿದ್ದೆ. ಬಾಯಿ ಆಡುವ ಮೊದಲೇ ನನ್ನ ಕೈ ಆಡುತ್ತಿತ್ತು. ಇದನ್ನು ಈಗ ಹೆಮ್ಮೆಯಿಂದ ಬರೆಯುತ್ತಿಲ್ಲ, ಆದರೆ ಆಗ ನನಗೆ ಹೆಮ್ಮೆಯೇ ಇತ್ತು.

ಸುರಪುರದಲ್ಲಿ ಎರಡು ಗರಡಿಗಳಿದ್ದವು. ಒಂದು ನಮ್ಮದು, ಹನುಮಪ್ಪನ ಗುಡಿಯ ಹಿಂದೆ. ಅದನ್ನು ನಡೆಸುವ ಹಿರಿಯರನ್ನು ವಸ್ತಾದರು ಎನ್ನುತ್ತಿದ್ದೆವು. ಇನ್ನೊಂದು ಮುಸಲ್ಮಾನರ ತಾಲೀಮು. ಅದರ ಹಿರಿಯನನ್ನು ಎಲ್ಲರೂ ಖಲೀಫಾ ಎಂದೇ ಕರೆಯುತ್ತಿದ್ದರು. ಮೂರನೆಯದು ಪಕ್ಕದ ರಂಗಂಪೇಟೆಯಲ್ಲಿ, ನೇಕಾರರ ಗರಡಿ. ಈ ಮೂರರ ನಡುವೆ ಎಣ್ಣೆ ಸೀಗೆಕಾಯಿ. ಕುಸ್ತಿ ಅಖಾಡದಲ್ಲಿ ಶುರುವಾಗಿ ಬೀದಿಯಲ್ಲಿ ಮುಗಿಯುತ್ತಿತ್ತು. ಒಮ್ಮೆ ನಮ್ಮವರು ಖಲೀಫಾನ ತಾಲೀಮಿನ ಬಾಗಿಲು ಕಿತ್ತು ತಂದು ಒಲೆಗೆ ಹಾಕಿದ್ದರು.

ಆದರೆ ಬೇಸಿಗೆ ಬಂತೆಂದರೆ ಮೂರೂ ಗರಡಿಗಳನ್ನು ಸಮವಾಗಿ ಕೆಡಹುವ ಇನ್ನೊಂದು ಬರುತ್ತಿತ್ತು. ನಾರುಹುಣ್ಣು. ಹಿಮ್ಮಡಿಯ ಹತ್ತಿರವೋ ಮೊಣಕಾಲ ಕೆಳಗೋ ಮೊದಲು ಒಂದು ಬೊಕ್ಕೆ ಏಳುತ್ತದೆ. ಕೆಂಡ ಇಟ್ಟಂತೆ ಉರಿಯುತ್ತದೆ. ಬೊಕ್ಕೆ ಒಡೆದ ಮೇಲೆ ಒಳಗಿನಿಂದ ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯಬೇಕು. ಅವಸರ ಮಾಡಿ ತುಂಡಾದರೆ ಕಾಲು ಊದಿ ಕೀವು ತುಂಬುತ್ತದೆ. ನಮ್ಮ ಓಣಿಯಲ್ಲೇ ಮೂವರು ಗಂಡಸರು ಜನ್ಮಪೂರ್ತಿ ಮೊಣಕಾಲು ಮಡಚಿಕೊಂಡು ಕೋಲೂರಿ ಓಡಾಡಿದರು. ಪೈಲ್ವಾನರಿಗೆ ಇನ್ನೂ ಒಂದು ಕಷ್ಟ. ನಾರು ಎದ್ದವನನ್ನು ಆ ಬೇಸಿಗೆ ಮುಗಿಯುವವರೆಗೆ ಅಖಾಡದ ಮಣ್ಣಿಗೆ ಇಳಿಸುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮುಚ್ಚಿಡುತ್ತಿದ್ದರು. ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೇಳಿದವರಿಗೆ "ಉಳುಕ್ಯಾದ" ಎನ್ನುತ್ತಿದ್ದರು. ಉಳುಕಿದ ಕಾಲಿಗೆ ಮರ್ಯಾದೆ ಇತ್ತು, ಹುಣ್ಣಾದ ಕಾಲಿಗೆ ಇರಲಿಲ್ಲ.

ಒಂದು ಬೇಸಿಗೆ ಶಹಾಪುರದಲ್ಲಿ ದೊಡ್ಡ ಕುಸ್ತಿ ಇಟ್ಟಿದ್ದರು. ನಮ್ಮ ಗರಡಿಯ ದೊಡ್ಡ ಪೈಲ್ವಾನ, ನನಗಿಂತ ಒಂದು ತಲೆ ಎತ್ತರದ ಆಳು, ಖಲೀಫಾನ ಶಿಷ್ಯನೊಬ್ಬನನ್ನು ಎತ್ತಿ ಹಿಡಿದಿದ್ದ. ಇನ್ನೇನು ಒಗೆಯಬೇಕು, ಅಷ್ಟರಲ್ಲಿ ಅವನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿತು. ಬೊಕ್ಕೆ ಒಡೆದು ಕೀವು ಹರಿಯಿತು. ಆಳು ಮಗುವಿನಂತೆ ಕಿರುಚಿ ಕುಸಿದ. ಎದುರಿನವರು ನಕ್ಕರು. ಆ ನಗುವಿಗೆ ನಮ್ಮ ಕಡೆಯಿಂದ ಕಲ್ಲು ತೂರಿದರು. ರಂಗಂಪೇಟೆಯವರು ಯಾರ ಪರ ಎಂದು ನೋಡದೆ ಇಬ್ಬರನ್ನೂ ಬಡಿದರು. ನಾನು ಗಾಡಿಯ ಗೂಟ ಕಿತ್ತುಕೊಂಡು ಸಿಕ್ಕಸಿಕ್ಕವರಿಗೆ ಬೀಸಿದೆ. ಖಲೀಫಾನ ನೆತ್ತಿ ಬಿರಿದದ್ದು ನನ್ನ ಗೂಟದಿಂದಲೇ. ಕೊನೆಗೆ ಪೊಲೀಸ್ ಅಮೀನ ಬಂದು ತನ್ನ ಜವಾನರಿಂದ ನಮ್ಮನ್ನೆಲ್ಲ ಬೆನ್ನು ಹರಿಯುವಂತೆ ಹೊಡೆಸಿ, ಗಾಡಿಗಳಲ್ಲಿ ತುಂಬಿ, ಸುರಪುರದ ದವಾಖಾನೆಗೆ ಕಳಿಸಿದ.

ದವಾಖಾನೆಯ ಡಾಕ್ಟರು ಹೈದರಾಬಾದಿನವರು. ಸಣ್ಣ ದೇಹ, ದೊಡ್ಡ ಕನ್ನಡಕ, ಮೂಗಿನ ಮೇಲೆ ಸಿಟ್ಟು. ಕನ್ನಡ ಬರುತ್ತಿರಲಿಲ್ಲ. ಮೂರು ಗರಡಿಯವರನ್ನೂ ಒಂದೇ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಹೊಲಿಗೆ ಹಾಕುತ್ತ ಉರ್ದುವಿನಲ್ಲಿ ಬಯ್ಯತೊಡಗಿದರು. ಖಲೀಫಾನ ತಲೆ ಅವರ ಕೈಯಲ್ಲಿತ್ತು. ಸೂಜಿ ಒಳಗೆ ಹೋದಾಗಲೆಲ್ಲ ಹಲ್ಲು ಕಚ್ಚುತ್ತ, ಅವನೇ ಅದನ್ನು ನಮಗೆ ಕನ್ನಡದಲ್ಲಿ ಹೇಳಿದ.

"ಡಾಕ್ಟರ್ ಸಾಬ್ರು ಅಂತಾರ, ನಾರಿನ ಹುಳ ದೇವ್ರು ಕಳಿಸಿದ್ದಲ್ಲ, ನಾವ ಕುಡದದ್ದು. ಹುಣ್ಣಾದವ ಬಾವ್ಯಾಗ ಕಾಲಿಟ್ರ ಹುಳ ನೀರಾಗ ಮರಿ ಬಿಡ್ತದ. ಆ ನೀರು ಕುಡದವನ ಹೊಟ್ಟ್ಯಾಗ ಅದು ಬೆಳೀತದ. ಬರೋ ವರ್ಷ ಅವನ ಕಾಲಾಗ ಏಳ್ತದ. ನನ್ನ ಹತ್ರ ಔಷಧ ಇಲ್ಲ, ಮಂದಿನೂ ಇಲ್ಲ ಅಂತಾರ. ನಿಮ್ಮ ಹತ್ರ ಎತ್ತಿನಂಥಾ ಮಂದಿ ಅದಾರ, ತಲಿ ಇಲ್ಲ ಅಂತಾರ."

ಕೊನೆಯ ಮಾತಿಗೆ ಮೂರೂ ಗರಡಿಯವರು ಒಟ್ಟಿಗೆ ನಕ್ಕೆವು. ಮೂರು ಗರಡಿಗಳ ನಮ್ಮ ಕೂಟ ಹುಟ್ಟಿದ್ದು ಆ ನಗುವಿನಲ್ಲಿ ಎಂದು ನನಗೆ ಈಗಲೂ ಅನಿಸುತ್ತದೆ.

ಸುರಪುರಕ್ಕೂ ರಂಗಂಪೇಟೆಗೂ ನಡುವೆ ದೊಡ್ಡದೊಂದು ಮೆಟ್ಟಿಲ ಬಾವಿಯಿತ್ತು. ಮಂದಿ ಕೊಡ ಹಿಡಿದು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ತುಂಬಿಕೊಳ್ಳುತ್ತಿದ್ದರು. ಒಂದು ಬದಿ ಹಿಂದೂಗಳದು, ಒಂದು ಬದಿ ಮುಸಲ್ಮಾನರದು. ಹೊಲಗೇರಿಯವರಿಗೆ ಯಾವ ಬದಿಯೂ ಇರಲಿಲ್ಲ. ಆ ಬಾವಿಗೆ ಇನ್ನು ಯಾರೂ ಇಳಿಯಬಾರದು, ಮೇಲೆ ಗಡಗಡಿ ಹಾಕಿ ಹಗ್ಗದಿಂದ ಸೇದಬೇಕು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು ಎಂದರು ಡಾಕ್ಟರು. ಅದರ ಜೊತೆಗೆ ಓಣಿಓಣಿಯ ಗಂಡಸರು ಮುಂಜಾನೆ ಬಯಲಿಗೆ ಬಂದು ಗರಡಿಯವರ ಕೈಕೆಳಗೆ ದಂಡ, ಬಸ್ಕಿ ಹೊಡೆಯಬೇಕು. ಊರಿನ ಮೈ ಗಟ್ಟಿಯಾಗಬೇಕು.

ವಸ್ತಾದರು, ಖಲೀಫಾ, ರಂಗಂಪೇಟೆಯ ಹಿರಿಯ, ಮೂವರೂ ಹೊಲಿಗೆಯ ತಲೆಗಳನ್ನು ಹೊತ್ತು ಬೇವಿನ ಮರದ ಕೆಳಗೆ ಕೂತು ಒಪ್ಪಿಕೊಂಡರು. ಗರಡಿಯ ಮಣ್ಣನ್ನು ಹೊರಗಿನವರಿಗೆ ಕೊಡುವ ಪದ್ಧತಿಯೇ ಇಲ್ಲ. ಅಂಥದ್ದರಲ್ಲಿ ಮೂರೂ ಅಖಾಡಗಳಿಂದ ಒಂದೊಂದು ಬುಟ್ಟಿ ಮಣ್ಣು ತಂದು ಕಲಸಿ ಹಂಚಿಕೊಂಡರು. ಬಾವಿಗಿಳಿದವನಿಗೆ ಏನು ಶಿಕ್ಷೆ ಎಂಬ ಮಾತು ಬಂತು. ನಾನು ಎದ್ದು ನಿಂತು, "ಕಾಲು ಮುರೀಬೇಕ್ರಿ" ಎಂದೆ. ಎಲ್ಲರೂ ತೊಡೆ ತಟ್ಟಿದರು.

ಇನ್ನು ಆಣೆ. ಗುಡಿಯಲ್ಲಿ ಮಾಡಿದರೆ ಖಲೀಫಾನ ಕಡೆಯವರಿಗೆ ಸಲ್ಲದು. ಮಸೀದಿಯ ಮುಂದೆ ಮಾಡಿದರೆ ನಮಗೆ ಸಲ್ಲದು. ಇಬ್ಬರಿಗೂ ಸಲ್ಲುವುದು ಒಂದೇ ಇತ್ತು, ನೀರಿನಲ್ಲಿ ನಿಂತು ಮಾಡುವ ಆಣೆ. ನಮ್ಮ ಕಡೆ ಗಡಿಯ ಜಗಳವಾಗಲಿ ಹೆಣ್ಣಿನ ಜಗಳವಾಗಲಿ ಕೊನೆಗೆ ಬಗೆಹರಿಯುತ್ತಿದ್ದದ್ದು ಹಾಗೆ. ಸೊಂಟಮಟ್ಟ ನೀರಿನಲ್ಲಿ ನಿಂತು, ಮೂರು ಬೊಗಸೆ ಕುಡಿದು ಆಡಿದ ಮಾತಿಗೆ ಯಾರೂ ತಪ್ಪುತ್ತಿರಲಿಲ್ಲ. ಹತ್ತಿರದ ಹಳ್ಳ ಬತ್ತಿತ್ತು. ಸೊಂಟಮಟ್ಟ ನೀರಿದ್ದದ್ದು ಆ ಬಾವಿಯಲ್ಲಿ ಮಾತ್ರ. ಬಾವಿಗೆ ಇಳಿಯುವುದಿಲ್ಲ ಎಂದು ಬಾವಿಗೆ ಇಳಿದೇ ಆಣೆ ಮಾಡುವುದೆಂದು ತೀರ್ಮಾನವಾಯಿತು. ಬರೆಯುವಾಗ ನಗು ಬರುತ್ತದೆ. ಆಗ ಒಬ್ಬನೂ ನಗಲಿಲ್ಲ.

ಮೆಟ್ಟಿಲ ಮೇಲೆ ನಿಂತು ವಸ್ತಾದರು ಕೇಳಿದರು: "ಯಾರ ಕಾಲಾಗರ ಹುಣ್ಣ ಅದ ಏನ್ರೋ? ಇದ್ರ ಈಗ ಹೇಳ್ರಿ, ಮ್ಯಾಲ ನಿಂದರ್ರಿ."

ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಎರಡು ದಿನದಿಂದ ಬೊಕ್ಕೆಯಿತ್ತು. ಮುಂದಿನ ತಿಂಗಳು ಯಾದಗಿರಿಯಲ್ಲಿ ಕೂಟದ ಮೊದಲ ಕುಸ್ತಿ. ಮೂರೂ ಗರಡಿಗಳ ಪರವಾಗಿ ಇಳಿಯಲು ಆರಿಸಿದವರಲ್ಲಿ ನಾನೊಬ್ಬ. ಅಷ್ಟು ಮಂದಿಯ ಎದುರು ಕಾಲು ತೋರಿಸಿ ಮೆಟ್ಟಿಲ ಮೇಲೆ ಕುಂಟನಂತೆ ನಿಲ್ಲುವುದು ನನ್ನಿಂದಾಗಲಿಲ್ಲ. ಸುತ್ತಲೂ "ಇಲ್ರಿ, ಇಲ್ರಿ" ಎಂಬ ದನಿ ಎದ್ದಿತು. ನಾನೂ ಇಲ್ರಿ ಎಂದೆ. ಇಳಿದೆವು. ನೀರು ತಾಗಿದ್ದೇ ಉರಿ ಆರಿತು. ಬೊಕ್ಕೆ ಒಡೆದದ್ದು ನನಗೆ ಗೊತ್ತಾಯಿತು. ಕಾಲಿನ ಸುತ್ತ ಹಾಲು ಚೆಲ್ಲಿದಂತೆ ಒಂದಿಷ್ಟು ಬೆಳ್ಳಗಾಯಿತು, ಆಮೇಲೆ ನೀರಿನಲ್ಲಿ ಕರಗಿತು. ಆ ತಂಪಿಗೆ ಹಾಯೆನಿಸಿತು. ಆ ಸುಖವನ್ನೂ ಮರೆತಿಲ್ಲ.

ಮರುದಿನ ವಿಷಯ ತಿಳಿದು ಡಾಕ್ಟರು, ಮೂರೂ ಕಡೆಯವರು ಸೇರಿದ್ದ ನಮ್ಮ ಗರಡಿಗೇ ಓಡಿ ಬಂದರು. ಚಪ್ಪಲಿ ಕಳಚದೆ ಅಖಾಡಕ್ಕೆ ನುಗ್ಗಿದ್ದಕ್ಕೆ ಹುಡುಗರು ಗುರ್ರೆಂದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತ ಕೂಗಾಡಿದರು. ಖಲೀಫಾ ಹೇಳಿದ: "ಯಾರಿಗರ ಹುಣ್ಣ ಇದ್ರ ಈಗರ ಹೇಳ್ರಿ ಅಂತಾರ. ಇವತ್ತ ಹೇಳಿದ್ರ ಬಾವಿ ನೀರು ಪೂರಾ ಎತ್ತಿ ಹೊರಗ ಚೆಲ್ಲಸ್ತಾರಂತ. ಹದಿನೈದು ದಿನ ಆತಂದ್ರ ಮರಿ ಬಲೀತಾವು. ಆಮ್ಯಾಲ ಮಾಡಾಕ ಏನೂ ಉಳಿಯಂಗಿಲ್ಲ."

ಎದುರಿಗೆ ನಿಂತ ಡಾಕ್ಟರ ಕನ್ನಡಕದಲ್ಲಿ ನಾವೆಲ್ಲ ಕಾಣುತ್ತಿದ್ದೆವು. ಆಣೆ ಮಾಡಿದ ಮರುದಿನವೇ ಆಣೆ ಕೆಡಿಸಿದವನು ನಾನೇ ಎಂದು ಹೇಳುವುದೇ? ನಾನು ಹೇಳಲಿಲ್ಲ. ಯಾರೂ ಏನೂ ಹೇಳಲಿಲ್ಲ. ಡಾಕ್ಟರು ಬಹಳ ಹೊತ್ತು ಕಾದರು, ಆಮೇಲೆ ತಲೆ ತಗ್ಗಿಸಿ ಹೊರಟುಹೋದರು. ನಾನು ದನದ ಕೊಟ್ಟಿಗೆಯ ಹಿಂದೆ ಕೂತು ದಿನಾ ಕಡ್ಡಿಗೆ ಹುಳು ಸುತ್ತಿದೆ. ಹದಿನೆಂಟು ದಿನಕ್ಕೆ ಅದು ಪೂರ್ತಿ ಬಂತು. ಕೇಳಿದವರಿಗೆ ಉಳುಕಿದೆ ಎಂದೆ. ಯಾದಗಿರಿಯ ಕುಸ್ತಿಯಲ್ಲಿ ಗೆದ್ದೆ ಕೂಡ.

ಕೂಟ ಚೆನ್ನಾಗಿಯೇ ನಡೆಯಿತು. ಗಡಗಡಿ ಬಂತು, ಬಾವಿಯ ಬಾಯಿಗೆ ಸರದಿಯ ಕಾವಲು ಬಂತು, ಮುಂಜಾನೆ ಬಯಲಿನಲ್ಲಿ ನೂರಾರು ಗಂಡಸರ ಬಸ್ಕಿ. ಅಂಗಡಿಯ ಗಲ್ಲೆಯ ಮುಂದೆ ಕೂತು ಹೊಟ್ಟೆ ಬೆಳೆಸಿದವರೂ ಏದುಸಿರು ಬಿಡುತ್ತ ದಂಡ ಹೊಡೆದರು. ಮೂರು ಗರಡಿಗಳ ನಡುವೆ ಒಂದೇ ಒಂದು ಜಗಳವಿಲ್ಲ. ಆದರೆ ಕೈಗಳು ಅವೇ ಇದ್ದವು. ನಾವು ಒಬ್ಬರನ್ನೊಬ್ಬರು ಹೊಡೆಯುವುದನ್ನು ಬಿಟ್ಟು ಊರನ್ನು ಹೊಡೆಯತೊಡಗಿದೆವು. ಗಡಗಡಿಯ ಸರದಿ ಕಾಯಲಾರದೆ ಮೆಟ್ಟಿಲಿಳಿದ ಮುದುಕಿಯ ಕೊಡ ಒಡೆದು, ಅವಳನ್ನು ರಟ್ಟೆ ಹಿಡಿದು ಎಳೆದು ಮೇಲೆ ಹಾಕಿದೆವು. ಕುರುಬನೊಬ್ಬನನ್ನು ಮುಳ್ಳುಬೇಲಿಗೆ ಒಗೆದೆವು. ಬಸ್ಕಿಗೆ ಬಾರದ ಅಕ್ಕಸಾಲಿಗನನ್ನು ಮನೆಯಿಂದ ಎಳೆತಂದು, ವಾಂತಿ ಮಾಡಿಕೊಳ್ಳುವವರೆಗೆ ಬಸ್ಕಿ ಹೊಡೆಸಿದೆವು. ಊರಿನ ಆರೋಗ್ಯಕ್ಕಾಗಿ ಹೊಡೆಯುತ್ತಿದ್ದೇವೆ ಎಂಬ ನೆಪವಿತ್ತು. ಹೊಡೆಯಲು ಒಳ್ಳೆಯ ನೆಪ ಸಿಕ್ಕರೆ ಕೈಗೆ ದಣಿವೇ ಇಲ್ಲ. ಸೋಸಿದ ನೀರಿನ ಮಾತು ಕೇಳಿದರೆ ಮಾತ್ರ ನಮಗೆ ನಗು. ಅದು ಹೆಂಗಸರು ಮಕ್ಕಳಿಗೆ ಎಂದು, ಗರಡಿಯ ಹರವಿಯ ನೀರನ್ನು ಹಾಗೆಯೇ ಎತ್ತಿ ಕುಡಿಯುತ್ತಿದ್ದೆವು.

ಆಣೆಯಾಗಿ ತಿಂಗಳೊಪ್ಪತ್ತು ಕಳೆದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕಾವಲು ನನ್ನದು. ನಮ್ಮ ಓಣಿಯ ಬಟ್ಟೆ ಒಗೆಯುತ್ತಿದ್ದ ಅಗಸ, ನಲವತ್ತು ದಾಟಿದವನು, ಕುಂಟುತ್ತ ಬಂದು ನಾನು ನೋಡುತ್ತಿದ್ದಂತೆಯೇ ಮೆಟ್ಟಿಲಿಳಿಯತೊಡಗಿದ. ಕೂಗಿದೆ. ನಿಲ್ಲಲಿಲ್ಲ. ಹಾರಿ ಇಳಿದು ಕೊನೆಯ ಮೆಟ್ಟಿಲ ಮೇಲೆ ಅವನ ಕೊರಳಪಟ್ಟಿ ಹಿಡಿದೆ. ಅವನ ಕಾಲಿಗೂ ನೀರಿಗೂ ಇನ್ನೊಂದು ಗೇಣು ಇತ್ತು.

"ಧಣಿ, ಉರಿ ತಡ್ಯಾಕ ಆಗವಲ್ದ್ರಿ," ಎಂದ. ಕಣ್ಣಲ್ಲಿ ನೀರಿತ್ತು. "ಇಳಿಯಂಗಿಲ್ಲ ಅಂದ್ರ ಬ್ಯಾಡ. ಒಂದು ಕೊಡ ನೀರು ಸೇದಿ ಮ್ಯಾಲ ತಂದು ಕಾಲಿಗೆ ಹೊಯ್ರಿ. ನಿಮಗ ಕೈ ಮುಗೀತೀನಿ."

ಕಾಲು ನೋಡಿದೆ. ಬಲಗಾಲು, ಹಿಮ್ಮಡಿ, ನನ್ನ ಬೊಕ್ಕೆ ಎದ್ದಿದ್ದ ಜಾಗವೇ. ಒಂದು ಕೊಡ ನೀರು ಸೇದುವುದು ನನಗೆ ಯಾವ ದೊಡ್ಡ ಕೆಲಸವಾಗಿತ್ತು? ಆದರೆ ಆ ಕಾಲು ನೋಡಿದ್ದೇ ಮೈಯೆಲ್ಲ ಹೊತ್ತಿಕೊಂಡಿತು. ಅವನು ತನ್ನ ಹುಣ್ಣನ್ನು ಮುಚ್ಚಿಟ್ಟಿರಲಿಲ್ಲ, ನಾಚಿಕೆಯಿಲ್ಲದೆ ತೋರಿಸಿ ಅಳುತ್ತಿದ್ದ. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಬಡಿಗೆ ಎತ್ತಿದೆ. ಅವನು ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದ. ಮೊದಲ ಏಟಿಗೇ ಮೊಣಕೈ ಕೆಳಗೆ ಲಟಕ್ಕೆಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಮೆಟ್ಟಿಲ ಮೇಲೆ ಬಿದ್ದ ಮೇಲೂ ಅದೇ ಕೈಗೆ ಮೂರು ಏಟು ಹಾಕಿದೆ. ಕೂಗು ಕೇಳಿ ಓಡಿ ಬಂದ ಖಲೀಫಾನ ಹುಡುಗರು ನನ್ನನ್ನು ಹಿಡಿದೆಳೆದರು. ಸಂಜೆ ವಸ್ತಾದರು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಕಾವಲು ಅಂದ್ರ ಹಿಂಗಿರಬೇಕು" ಎಂದರು. ಡಾಕ್ಟರು ಅಗಸನ ಕೈಗೆ ದಬ್ಬೆ ಕಟ್ಟಿದರು. ಅದು ಸೊಟ್ಟಗೇ ಕೂಡಿತು. ಮಳೆಗಾಲಕ್ಕೆ ಅವರಿಗೆ ಬೇರೆ ಊರಿಗೆ ಬದಲಿಯಾಯಿತು. ಹೋಗುವಾಗ ನಮ್ಮ ಗರಡಿಯ ಕಡೆ ಬರಲಿಲ್ಲ.

ಆ ವರ್ಷ ಸುತ್ತಲಿನ ಊರುಗಳಿಗೆ ಬೆಂಕಿ ಬಿದ್ದಿತ್ತು. ನಿಜಾಮನ ಪರ ನಿಂತ, ಖಾಕಿ ತೊಟ್ಟ ಹೊಸ ಪಡೆಯವರು ಹಳ್ಳಿಗಳಿಗೆ ನುಗ್ಗುತ್ತಿದ್ದರು. ಅವರಿಗೆದುರಾಗಿ ಹಿಂದೂಗಳೂ ಗುಂಪು ಕಟ್ಟುತ್ತಿದ್ದರು. ಬಣವೆಗಳು ಸುಟ್ಟವು, ಅಂಗಡಿಗಳು ಮುಚ್ಚಿದವು. ನಮ್ಮ ಬಾವಿಯ ಮೇಲೆ ಮಾತ್ರ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ ಜೋಡಿಯಾಗಿ ಕಾವಲಿದ್ದರು. ಕೂಟ ಒಡೆದರೆ ಸುರಪುರವೂ ಹೊತ್ತಿಕೊಳ್ಳುತ್ತದೆ ಎಂದು ಮೂವರು ಹಿರಿಯರಿಗೂ ಗೊತ್ತಿತ್ತು. ಅದಕ್ಕೇ ಅದನ್ನು ಕಣ್ಣಿನಂತೆ ಕಾಯುತ್ತಿದ್ದರು.

ಮತ್ತೆ ಬೇಸಿಗೆ ಬಂತು. ಊರಿನ ಮನೆಗಳಲ್ಲಿ ನಾರುಹುಣ್ಣು ಅಪರೂಪವಾಯಿತು. ಹೆಂಗಸರು ಸೋಸಿ ಕುಡಿದಿದ್ದರು. ಬಿದ್ದದ್ದು ಗರಡಿಗಳಿಗೆ. ನಮ್ಮಲ್ಲಿ ಹನ್ನೊಂದು ಮಂದಿ, ಖಲೀಫಾನ ತಾಲೀಮಿನಲ್ಲಿ ಎಂಟು, ರಂಗಂಪೇಟೆಯಲ್ಲೂ ಅಷ್ಟೇ. ಒಬ್ಬನಿಗೆ ಎರಡೂ ಕಾಲಿನಲ್ಲಿ ಎದ್ದವು. ಶಹಾಪುರದಲ್ಲಿ ಕುಸಿದಿದ್ದ ಆ ದೊಡ್ಡ ಪೈಲ್ವಾನ ಹುಳು ತುಂಡಾಗಿ, ಕಾಲು ಕಪ್ಪಾಗಿ, ಎಂಟೇ ದಿನದಲ್ಲಿ ಸತ್ತ. ಅವನ ಹೆಣಕ್ಕೆ ನಾನೂ ಹೆಗಲು ಕೊಟ್ಟೆ.

ಬಾವಿ ಕೆಡಿಸಿದವರು ಯಾರು ಎಂಬ ಮಾತೆದ್ದಿತು. ತಾಲೀಮಿನವರೇ ಕಾವಲಿನಲ್ಲಿ ಕಣ್ಣು ಮುಚ್ಚಿದರು ಎಂದು ನಮ್ಮವರು, ಗುಡಿಯವರೇ ಎಂದು ಅವರು. ಬಡಿಗೆಗಳು ಹೊರಬಿದ್ದವು. ಅಷ್ಟರಲ್ಲಿ ರಂಗಂಪೇಟೆಯ ಯಾರೋ ಒಬ್ಬ, "ಆ ಅಗಸನ ಕೆಲಸ ಇರಬೇಕ್ರಿ. ಕೈ ಮುರದ ಸಿಟ್ಟಿಗೆ ಕದ್ದು ಬಂದು ಕಾಲು ಅದ್ದ್ಯಾನ" ಎಂದ. ಆ ಮಾತು ಕೇಳಿ ಮೂವರು ಹಿರಿಯರ ಮುಖವೂ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಕೆಟ್ಟವರಲ್ಲ. ಮೂರು ಗರಡಿಗಳು ಒಂದಾಗಿ ಉಳಿಯಲು ಅವರಿಗೆ ಯಾವ ಗರಡಿಗೂ ಸೇರದವನೊಬ್ಬ ಬೇಕಾಗಿತ್ತು.

ಅಗಸನನ್ನು ಮನೆಯಿಂದ ಎಳೆತಂದರು. ಹೆಂಡತಿ ಹಿಂದೆ ಓಡಿ ಬರುತ್ತಿದ್ದಳು; ಯಾರೋ ಅವಳನ್ನು ತಳ್ಳಿ ಬೀಳಿಸಿದರು. ಬಾವಿಯ ಮೇಲಿನ ಕಲ್ಲುಹಾಸಿನ ಮೇಲೆ ಅವನನ್ನು ಕೆಡವಿದರು. ಮೊದಲು ಒದೆಗಳು ಬಿದ್ದವು. ಆಮೇಲೆ ಬಡಿಗೆ. "ನಾ ಅಲ್ರಿ, ನಾ ಅಲ್ರೀ" ಎಂದು ಸೊಟ್ಟ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. ಪಕ್ಕೆಗೆ ಬಿದ್ದ ಏಟಿನ ಸದ್ದು ಬೇರೆಯಾಗಿತ್ತು. ಎಲುಬು ಮುರಿಯಿತೆಂದು ನನಗೆ ತಿಳಿಯಿತು, ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಾನು ಬಡಿಗೆ ಹಿಡಿದು ಮೊದಲ ಸಾಲಿನಲ್ಲೇ ನಿಂತಿದ್ದೆ. ಇವತ್ತು ಹೇಳದಿದ್ದರೆ ಇವನು ಸಾಯುತ್ತಾನೆ, ಹೇಳಿದರೆ ನಾನು ಸಾಯುತ್ತೇನೆ. ಲೆಕ್ಕ ಇಷ್ಟೇ. ಆದರೂ ನಿಂತೆ. ಅವನ ಬಾಯಲ್ಲಿ ರಕ್ತ ಬಂತು. ಆಗಲೂ ನಿಂತೆ. ಯಾರೋ ಗಡಗಡಿಯ ಹಗ್ಗ ಬಿಚ್ಚಿ ಅವನ ಕಾಲಿಗೆ ಕಟ್ಟತೊಡಗಿದರು, ಬಾವಿಯಲ್ಲಿ ತಲೆಕೆಳಗಾಗಿ ಇಳಿಬಿಡಲು. ಆಗ ನನ್ನ ಕೈಯಿಂದ ಬಡಿಗೆ ಬಿತ್ತು.

"ಅವಾ ಅಲ್ಲ, ನಾನು," ಎಂದೆ. ಗದ್ದಲದಲ್ಲಿ ಕೇಳಿಸಲಿಲ್ಲ. ಕಿರುಚಿದೆ: "ನಾನ್ರೋ! ಆಣಿ ಮಾಡಿದ ದಿನ ನನ್ನ ಕಾಲಾಗ ಹುಣ್ಣ ಇತ್ತು!"

ಎಲ್ಲ ನಿಂತಿತು. ಬಲಗಾಲು ಮುಂದಿಟ್ಟು ಹಿಮ್ಮಡಿಯ ಕಲೆ ತೋರಿಸಿದೆ. ವಸ್ತಾದರು ನೋಡಿದರು. ಆಮೇಲೆ ನನ್ನ ಕೆನ್ನೆಗೆ ಹೊಡೆದರು. ಮತ್ತೊಂದು ಕೆನ್ನೆಗೆ ಹೊಡೆದರು. ನಾನು ಮಂಡಿಯೂರಿದೆ. ಅಗಸನ ಸುತ್ತ ನಿಂತ ಗುಂಪು ನನ್ನ ಕಡೆ ತಿರುಗಿತು. ಯಾರದೋ ಬಡಿಗೆ ನನ್ನ ಬೆನ್ನಿಗೆ ಬಿತ್ತು, ಇನ್ನೊಂದು ಭುಜಕ್ಕೆ. ನಿಜ ಹೇಳಬೇಕೆಂದರೆ ಆ ಏಟುಗಳು ನನಗೆ ಬೇಕೆನಿಸಿದವು. ಆಗ ಖಲೀಫಾ ನಡುವೆ ನುಗ್ಗಿ ಎರಡೂ ಕೈ ಎತ್ತಿದ.

"ನಿಂದರ್ರಿ. ಇವಾ ಒಬ್ಬನ ಏನು? ಅವತ್ತ ಇಲ್ಲ ಅಂದವ್ರು ನಾವೆಲ್ಲ. ಇನ್ನ್ಯಾರ ಕಾಲಾಗ ಇತ್ತು? ಹೇಳ್ರಿ."

ಆಮೇಲೆ ಖಲೀಫಾನ ತಂಗಿಯ ಮಗ, ಅಗಸನಿಗೆ ಹಗ್ಗ ಕಟ್ಟುತ್ತಿದ್ದವನೇ, ಹಗ್ಗ ಬಿಟ್ಟು ತನ್ನ ಪೈಜಾಮ ಮೇಲೆತ್ತಿ ಮೊಣಕಾಲ ಕೆಳಗಿನ ಕಲೆ ತೋರಿಸಿದ. ನಮ್ಮ ಕಡೆಯಿಂದ ಇನ್ನೊಬ್ಬ ಮುಂದೆ ಬಂದ. ರಂಗಂಪೇಟೆಯಿಂದ ಇಬ್ಬರು. ಅವರಲ್ಲೊಬ್ಬ ಅಗಸನ ಹೆಸರೆತ್ತಿದವನು. ಕೊನೆಗೆ ವಸ್ತಾದರೇ ಕಲ್ಲಿನ ಮೇಲೆ ಕೂತು ತಮ್ಮ ಧೋತರವನ್ನು ಮೊಣಕಾಲಿನವರೆಗೆ ಎತ್ತಿದರು. ಮುಖ ಎತ್ತಲಿಲ್ಲ.

ಅಗಸ ಬಿದ್ದಲ್ಲಿಂದಲೇ ಒಬ್ಬೊಬ್ಬರ ಕಾಲನ್ನೂ ನೋಡುತ್ತಿದ್ದ. ರಕ್ತ ಉಗುಳಿ ಹೇಳಿದ: "ಇಷ್ಟು ಮಂದಿ ಇದ್ರಿ. ಒಬ್ಬರರ ಹೇಳಿದ್ದರ ನನಗ ಒಂದು ಕೊಡ ನೀರು ಸಿಗ್ತಿತ್ತಲ್ರೀ."

ಅವತ್ತು ಯಾರೂ ಸಾಯಲಿಲ್ಲ, ಊರೂ ಹೊತ್ತಿಕೊಳ್ಳಲಿಲ್ಲ. ಬಾವಿಯ ನೀರನ್ನು ಮೂರು ಗರಡಿಯವರೂ ಸೇರಿ ಎತ್ತಿ ಹೊರಹಾಕಿದೆವು, ಕೆಳಗಿನ ಮೆಟ್ಟಿಲುಗಳಿಗೆ ಅಡ್ಡಗೋಡೆ ಕಟ್ಟಿದೆವು. ಕಾವಲಿಗೆ ಬಡಿಗೆ ಹಿಡಿಯುವುದನ್ನು ಖಲೀಫಾ ನಿಲ್ಲಿಸಿದ. ಅಲ್ಲಿಂದ ಮುಂದೆ ಗರಡಿಗಳಲ್ಲೂ ನೀರು ಸೋಸಿದರು. ನನ್ನನ್ನು ಅಖಾಡದಿಂದ ಹೊರಹಾಕಿದರು. ಬೇರೆಯವರನ್ನು ಹಾಕಲಿಲ್ಲ, ಅವರು ಯಾರ ಕೈಯನ್ನೂ ಮುರಿದಿರಲಿಲ್ಲ.

ಅಗಸನ ಪಕ್ಕೆಲುಬು ಕೂಡಲು ಎರಡು ತಿಂಗಳು ಬೇಕಾಯಿತು. ಕೆಮ್ಮು ಮಾತ್ರ ಹೋಗಲೇ ಇಲ್ಲ. ಬಟ್ಟೆಯನ್ನು ಕಲ್ಲಿಗೆ ಎತ್ತಿ ಒಗೆಯುವ ಕೈ ಮೊದಲೇ ಹೋಗಿತ್ತು. ಓಣಿಯ ಬಟ್ಟೆಯನ್ನೆಲ್ಲ ಅವನ ಹೆಂಡತಿಯೊಬ್ಬಳೇ ಒಗೆಯುತ್ತಿದ್ದಳು. ನಾನು ಹೋಗಬೇಕು ಹೋಗಬೇಕು ಎಂದುಕೊಳ್ಳುತ್ತ ದಿನ ತಳ್ಳಿದೆ. ಕೊನೆಗೆ ಒಂದು ಮುಂಜಾನೆ ಒಂದು ಚೀಲ ಜೋಳ ಹೊತ್ತು ಅವರ ಮನೆಗೆ ಹೋದೆ. ಒಳಗೆ ಅವನು ಕೆಮ್ಮುತ್ತಿದ್ದ. ಅವಳು ಅಂಗಳದಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಚೀಲದ ಕಡೆ ನೋಡಲೂ ಇಲ್ಲ.

"ಧಣಿ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ," ಎಂದಳು. "ಅವತ್ತ ಮೆಟ್ಟಲ ಮ್ಯಾಲ ನನ್ನ ಗಂಡನ ಕೈ ಮುರಿಯೋ ಮುಂದ, ನಿಮ್ಮ ಕಾಲಾಗೂ ಅದ ಹುಣ್ಣ ಆಗಿತ್ತು ಅನ್ನೋದು ನಿಮಗ ನೆನಪಿತ್ತೇನ್ರಿ?"

ಬೇರೆ ಏನೂ ಕೇಳಲಿಲ್ಲ ಆಕೆ. ನೆನಪಿತ್ತು; ಹೌದು ಎಂದು ಹೇಳಲೆಂದೇ ಅಲ್ಲಿಯವರೆಗೆ ನಡೆದು ಹೋಗಿದ್ದೆ.

"ಇಲ್ಲವ್ವಾ," ಎಂದೆ. "ಸಿಟ್ಟಿನಾಗ ಮರತಿದ್ದೆ."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಉಸಿರು ಬಿಟ್ಟಳು. "ಸಿಟ್ಟು ಅಂದ್ರ ಹಂಗ ಇರ್ತದ ಬಿಡ್ರಿ. ಮನಷ್ಯಾಗ ಏನೂ ತಿಳಿಯಂಗಿಲ್ಲ. ಅಷ್ಟ ತಿಳಕೋಬೇಕಾಗಿತ್ತು ನನಗ," ಎಂದು ಒಳಗೆ ಹೋದಳು. ಗಂಡನಿಗೆ ಏನೋ ಹೇಳಿದ್ದು ಕೇಳಿಸಿತು. ಹೊರಗೆ ಬಂದು ಒಂದು ಚರಿಗೆ ಮಜ್ಜಿಗೆ ನನ್ನ ಕೈಗೆ ಕೊಟ್ಟಳು. ಬಿಸಿಲಲ್ಲಿ ಬಂದೀರಿ, ಕುಡೀರಿ ಎಂದಳು. ನಾನು ನಿಂತಲ್ಲೇ ಗಟಗಟ ಕುಡಿದೆ.